ಯಾವುದಾದರೂ ಒಂದು ಕೀ

ಕಂಪ್ಯೂಟರ್ ತಾನಾಗಿ ಆರಿ, ತಾನಾಗಿ ಹತ್ತಿಕೊಂಡು, 'ನಿಮ್ಮ ಭಾಷೆ ಯಾವುದು?' ಎಂದು ಮತ್ತೆ ಮೊದಲಿನಿಂದ ಕೇಳಿತು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತಾಗಿನಿಂದ ಇದೇ ಕಥೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಅದಕ್ಕೆ ಎಲ್ಲ ಮರೆತುಹೋಗುತ್ತಿತ್ತು.

"ಎಷ್ಟು ಸಲ ಹೇಳ್ಬೇಕೋ ನಿಂಗೆ," ಎಂದು ದೊಡ್ಡವನು ಪರದೆಯನ್ನು ಗದರಿದ.

ಅವನದು ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ, ಮನೆಯ ಕೆಳಗೇ. ಆ ಧೈರ್ಯದಲ್ಲಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಊದಿದ. ಪಕ್ಕೆಗೆ ಎರಡು ಬಿಟ್ಟ. ಟೇಬಲ್ ಫ್ಯಾನ್ ತಂದು ಅದಕ್ಕೆ ಗಾಳಿ ಹಾಕಿಸಿದ. ಹೊಸ ಸಿಸ್ಟಮ್ ತುಂಬಿದ್ದ ಪೆನ್ ಡ್ರೈವನ್ನು ಕಿತ್ತು ಅಂಗಿಗೆ ಉಜ್ಜಿ ಮತ್ತೆ ಚುಚ್ಚಿದ. ಕೊನೆಗೆ ಕುರ್ಚಿ ಬದಲಾಯಿಸಿ ಕೂತ. ಕುರ್ಚಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಗಿರಾಕಿ ಬಂದಾಗಲೆಲ್ಲ ಅವನು ಕೆಳಗೆ ಓಡುತ್ತಿದ್ದ. ಆಗ ಸ್ಟೂಲಿನ ಮೇಲೆ ಕೂತು ಪರದೆ ಕಾಯುವ ಕೆಲಸ ಅವಳದು.

"ಚಿಕ್ಕವನನ್ನ ಕರೀಲೇನೋ?" ಎಂದಳು ಮೆಲ್ಲಗೆ.

"ಅವನು ಬಂದು ಇದು ಸರಿಹೋದ್ರೆ ನಾನು ಮೀಸೆ ಬೋಳಿಸ್ಕೋತೀನಿ."

ಚಿಕ್ಕವನಿಗೆ ಹಿಂದಿನ ಬೀದಿಯಲ್ಲೇ ಕಂಪ್ಯೂಟರ್ ಅಂಗಡಿ. "ನಿಂದೂ ಒಂದು ರಿಪೇರಿನಾ? ಆಫ್ ಮಾಡಿ ಆನ್ ಮಾಡೋದು ತಾನೆ," ಎಂದು ಒಂದು ದಿನ ಊಟದ ಮಧ್ಯೆ ಅಣ್ಣ ಅಂದಿದ್ದೇ ಸಾಕಾಯಿತು. ಅವತ್ತು ತಟ್ಟೆ ಬಿಟ್ಟು ಎದ್ದವನು ಮತ್ತೆ ಈ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಒಬ್ಬನಿಗೆ ಮೂಗಿನ ತುದಿಯಲ್ಲಿ ಕೋಪ, ಇನ್ನೊಬ್ಬನಿಗೆ ನಾಲಿಗೆಯೇ ಉದ್ದ. ನಡುವೆ ತುತ್ತು ಗಂಟಲಲ್ಲಿ ಇಳಿಯದೆ ಒದ್ದಾಡುತ್ತಿದ್ದವಳು ಅಮ್ಮ.

ಮಧ್ಯಾಹ್ನ ಪರದೆ ಇನ್ನೊಮ್ಮೆ ಭಾಷೆ ಕೇಳಿದಾಗ ದೊಡ್ಡವನು ಗೋಡೆ ನೋಡಿಕೊಂಡು, "ಬೇಕಾದ್ರೆ ಕರಿ. ನಾನು ಕರೆದೆ ಅನ್ಬೇಡ," ಎಂದ. ಅಮ್ಮ ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದಳು.

ಚಿಕ್ಕವನು ಬಂದ. ಅಣ್ಣನ ಕಡೆ ತಿರುಗದೆ, "ಏನಾಗಿದೆಯಂತಮ್ಮ?" ಎಂದ.

"ಅದು ಗೊತ್ತಿದ್ರೆ ಇವನನ್ನ ಯಾಕೆ ಕರೀತಿದ್ವಿ ಅಂತ ಹೇಳಮ್ಮ."

ಆದರೆ ರಿಪೇರಿ ಮಾಡುವವರ ಮಾತು ಎಷ್ಟು ಹೊತ್ತು ಅಮ್ಮನ ಮೂಲಕ ಸಾಗೀತು? ಸ್ವಲ್ಪ ಹೊತ್ತಿಗೆ ಇಬ್ಬರ ತಲೆಯೂ ಮೇಜಿನಡಿಯಲ್ಲಿತ್ತು. "ಆ ವೈರ್ ಹಿಡ್ಕೋ." "ಹಿಡ್ಕೊಂಡೇ ಇದೀನಲ್ಲ." "ಟಾರ್ಚ್ ವೈರಿಗೆ ಬಿಡು ಅಣ್ಣ, ನನ್ನ ಕಣ್ಣಿಗಲ್ಲ." ಸ್ಟೂಲಿನ ಮೇಲೆ ಕೂತ ಅಮ್ಮನಿಗೆ ಊಟ ಮಾಡದೆಯೇ ಹೊಟ್ಟೆ ತುಂಬಿತು.

ಅಷ್ಟರಲ್ಲಿ ಕಂಪ್ಯೂಟರ್ ಆರಿ ಹತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ಒಂದೇ ಸಾಲು: 'ಮೊದಲಿನಿಂದ ಶುರುಮಾಡಲು ಯಾವುದಾದರೂ ಒಂದು ಕೀ ಒತ್ತಿ.' ಯಾರೂ ಒತ್ತದಿದ್ದರೆ ಅದು ತನ್ನ ಪಾಡಿಗೆ ಮುಂದೆ ಹೋಗಿ ಕೆಲಸ ಮುಗಿಸುತ್ತಿತ್ತು. ಚಿಕ್ಕವನು ತಲೆ ಹೊರಗೆ ಹಾಕಿದ. ಅಮ್ಮ ಬೆರಳು ಚಾಚಿ, ಎಲ್ಲಕ್ಕಿಂತ ಉದ್ದದ ಕೀಯನ್ನು ಒತ್ತುತ್ತಿದ್ದಳು.

ಕಣ್ಣು ಕಣ್ಣು ಸೇರಿದವು.

"ಮೊದಲ್ನೇ ಸಲ ಅದೇ ಒತ್ತು ಅಂತು, ಒತ್ತಿದೆ," ಅಮ್ಮ ಪಿಸುಗುಟ್ಟಿದಳು. "ಆಮೇಲಿಂದು ನಿನ್ನನ್ನ ಕರೆಸೋಕೆ."

"ಈಗ ಬಂದಿದೀನಲ್ಲಮ್ಮ, ಮತ್ಯಾಕೆ?"

"ಸರಿಹೋದ್ರೆ ಹೊರಟುಬಿಡ್ತೀಯಲ್ಲ."

ಮೊದಲಿನಿಂದ ಶುರುವಾಗುತ್ತಿದ್ದುದು ಪೆನ್ ಡ್ರೈವಿನಿಂದ; ಅದನ್ನು ಕಿತ್ತರೆ ಅಮ್ಮನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಚಿಕ್ಕವನ ಕೈ ಅಲ್ಲಿಯವರೆಗೂ ಹೋಗಿ, ಹಾಗೇ ವಾಪಸು ಬಂತು.

"ಏನಂತೋ?" ಮೇಜಿನಡಿಯಿಂದ ದೊಡ್ಡವನು ಕೇಳಿದ.

"ಮತ್ತೆ ಮೊದಲಿಂದ, ಅಣ್ಣ. ಇದು ಇವತ್ತಿಗೆ ಮುಗಿಯೋ ಥರ ಕಾಣ್ತಿಲ್ಲ. ನಾಳೆನೂ ಬರ್ಬೇಕಾಗುತ್ತೆ."

ದೊಡ್ಡವನು ಹೊರಗೆ ಬಂದು ಮೀಸೆಯ ಮೇಲಿನ ಧೂಳು ಕೊಡವಿಕೊಂಡ. "ಬರೀ ಆಫ್ ಮಾಡಿ ಆನ್ ಮಾಡಿದ್ರೆ ಹೋಗೋ ಕಾಯಿಲೆ ಅಲ್ಲ ಅಂತ ನಂಗೂ ಅನ್ನಿಸ್ತು," ಎಂದ. "ನಾಳೆ ಊಟಕ್ಕೇ ಬಂದ್ಬಿಡು."

ಅಮ್ಮ ಬಟ್ಟೆ ತಂದು ಕೀಬೋರ್ಡ್ ಒರೆಸಿದಳು. ಉದ್ದದ ಕೀಯೊಂದನ್ನು ಮಾತ್ರ ಎರಡು ಸಲ.