ಹೆಬ್ಬೆಟ್ಟಿನಷ್ಟು ಹೆಂಗಸು

ಗೊಂಬೆ ಮತ್ತೆ ಜಾಗ ಬಿಟ್ಟಿತ್ತು.

ಸೋಮವಾರ ಅದು ಮನೆ ಬಾಗಿಲಲ್ಲಿತ್ತು. ಹಾಲೇಶಪ್ಪನೇ ತನ್ನ ಕೈಯಾರೆ ನಿಲ್ಲಿಸಿದ್ದ. ಮಂಗಳವಾರ ಬೇವಿನ ಮರದ ಕೆಳಗೆ. ಬುಧವಾರ ಗಾಡಿ ದಾರಿಯ ನಡುಮಧ್ಯೆ. ಈ ಬೆಳಿಗ್ಗೆ ನೋಡಿದರೆ, ಹೆಬ್ಬೆಟ್ಟಿನಷ್ಟು ಎತ್ತರದ ಆ ಮಣ್ಣಿನ ಹೆಂಗಸು ಸ್ಟೇಷನ್ನಿನ ಕಟ್ಟೆಯ ಮೇಲೆ, ರೈಲಿಗೆ ಕಾದವಳ ಹಾಗೆ ನಿಂತಿದ್ದಳು.

"ಯಾರೋ ಒಳಗೆ ಬಂದು ಹೋಗ್ತಾರೆ," ಎಂದ ಹಾಲೇಶಪ್ಪ, ಹಲ್ಲು ಕಡಿಯುತ್ತ.

"ಯಾರು ಬರ್ತಾರ್ರೀ ಇಲ್ಲಿಗೆ," ಎಂದಳು ಹೆಂಡತಿ ಮುದ್ದಕ್ಕ. ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸಲಿಲ್ಲ.

ಹಾಲೇಶಪ್ಪ ಮೊಳಕಾಲ್ಮೂರಿನ ಅಂಚೆ ಗುಮಾಸ್ತ. ರಾಯದುರ್ಗಕ್ಕೆ ರೈಲು ಬಂದಾಗ ಒಮ್ಮೆ ಹೋಗಿ ನೋಡಿದವನು, ಅವತ್ತಿನಿಂದ ಹಿಂದಿನ ಕೋಣೆಯಲ್ಲಿ ತನ್ನದೇ ಒಂದು ರೈಲು ಕಟ್ಟುತ್ತಿದ್ದ. ಸೀಮೆಎಣ್ಣೆ ಡಬ್ಬ ಸೀಳಿ ಹಳಿ. ನೇಕಾರರ ಮನೆಯ, ನೂಲು ಸುತ್ತುವ ಮುರುಕು ಕಂಡಿಕೆ ಕೊಯ್ದು ಗಾಲಿ. ಹಳಿಯ ಕೆಳಗೆ ಜಲ್ಲಿಯ ಬದಲು ನವಣೆ. ಮಂಕರಿ ಬುಟ್ಟಿ ಬೋರಲು ಹಾಕಿ ಮೇಲೆ ಚಳ್ಳಕೆರೆ ಕಂಬಳಿ ಹೊದಿಸಿದರೆ ಗುಡ್ಡ. ಊರಿಗೆ ಊರೇ ಅಲ್ಲಿತ್ತು. ಅವನ ಮನೆಯೂ ಇತ್ತು, ಅದರ ಬಾಗಿಲಿಗೆ ಆ ಮಣ್ಣಿನ ಗೊಂಬೆ. ಇಲ್ಲದ್ದು ಆಕಾಶ ಒಂದೇ. ಅದಕ್ಕೆ ಮುದ್ದಕ್ಕನ ಮದುವೆ ಸೀರೆ ಒದಗಿತು. ಊರ ಮಗ್ಗದ್ದೇ, ತಿಳಿನೀಲಿ ರೇಷ್ಮೆ. ಪೆಟ್ಟಿಗೆಯಿಂದ ತೆಗೆದು ಗುಡ್ಡದ ಹಿಂದೆ ಗೂಟಕ್ಕೆ ಕಟ್ಟಿದ. ಕೇಳಿ ತೆಗೆದನೋ ಇಲ್ಲವೋ, ಅವನಿಗೆ ನೆನಪಿರಲಿಲ್ಲ.

"ಗುಂತಕಲ್ಲಿಗೆ ಯಾವಾಗ ಹೋಗಾದು?" ಎಂದು ಅವಳು ಆಗೀಗ ಕೇಳುತ್ತಿದ್ದಳು. ತವರು ಅಲ್ಲಿತ್ತು.

"ಇದೊಂದು ಮುಗೀಲಿ. ರೈಲಲ್ಲೇ ಕರ್ಕೊಂಡು ಹೋಗ್ತೀನಿ."

ಹೀಗೇ ಆರು ವರ್ಷ. ಹೋದ ತಿಂಗಳು, ಅವ್ವನಿಗೆ ಮೈ ನೆಟ್ಟಗಿಲ್ಲ ಎಂದು ಅಲ್ಲಿಂದ ಕಾರ್ಡು ಬಂದಿತ್ತು. ಹಾಲೇಶಪ್ಪನೇ ಓದಿ ಹೇಳಿದ್ದ. ಓದಿ ಮುಗಿಸಿ, ಸ್ಟೇಷನ್ನಿನ ಸೂರಿಗೆ ಅಳತೆ ಸರಿಹೋಗುತ್ತದೆಂದು ಅದೇ ಕಾರ್ಡನ್ನು ಕತ್ತರಿಸಿದ್ದ. ಆಮೇಲೆ ಮುದ್ದಕ್ಕ ಕೇಳುವುದನ್ನು ಬಿಟ್ಟಳು. ಅವನಿಗೆ ಅದೊಂದು ನೆಮ್ಮದಿ.

ಈಗ ಇದ್ದ ಚಿಂತೆ ಫೋಟೋದ್ದು. ಬಳ್ಳಾರಿಯ ಪ್ರದರ್ಶನಕ್ಕೆ ಕಳಿಸಲು ನಾಳೆಯ ಟಪಾಲೇ ಕೊನೆ. ಕ್ಯಾಮೆರಾಕ್ಕೆ ಹಾಕಲು ಉಳಿದಿದ್ದು ಒಂದೇ ಗಾಜಿನ ಪ್ಲೇಟು. ಕೋಣೆಯ ಬೆಳಕು ಸಾಲದು. ಕ್ಯಾಮೆರಾದ ಕಣ್ಣು ಅರ್ಧ ಗಂಟೆ ತೆರೆದೇ ಇರಬೇಕು. ಅಷ್ಟರಲ್ಲಿ ಸರಿದಾಡಿದ್ದು ಪ್ಲೇಟಿನಲ್ಲಿ ಮೂಡುವುದಿಲ್ಲ. ಅಲ್ಲಾಡದೆ ನಿಂತದ್ದು ಮಾತ್ರ ಮೂಡುತ್ತದೆ.

"ನಂದೂ ಒಂದು ತೆಗೀರಿ," ಎಂದಿದ್ದಳು ಮುದ್ದಕ್ಕ, ಹಿಂದೊಮ್ಮೆ.

"ಮಿಸುಕದಂಗೆ ನಿಲ್ಲಬೇಕು ಕಣಮ್ಮಾ ತಾಯಿ. ನಿನ್ನ ಕೈಲಿ ಆಗ್ತೈತಾ? ಕಾಲಿಗೆ ಚಕ್ರ ಕಟ್ಕೊಂಡೋಳು ನೀನು. ಸುಮ್ನೆ ಒಂದು ಪ್ಲೇಟು ದಂಡ."

ಅವಳು ನಕ್ಕು ಒಲೆ ಕಡೆ ಹೋಗಿದ್ದಳು.

ಗೊಂಬೆಯ ವಿಷಯದಲ್ಲಿ ಅವನ ಗುಮಾನಿ ಪಾತಣ್ಣನ ಮೇಲೆ. ಹಿಂದಿನ ಓಣಿಯ ಗಾಡಿಯವನು. ರಾಯದುರ್ಗದ ರೈಲಿಗೆ ಜನರನ್ನು ಬಿಟ್ಟು ಬರುವುದು ಅವನ ಕಸುಬು. ಎದುರಾದಾಗಲೆಲ್ಲ, "ಏನ್ ಸ್ವಾಮಿ, ನಿಮ್ ರೈಲು ಎಲ್ಲೀವರೆಗೆ ಬಂತು? ನನ್ನ ಎತ್ತು ಮಾರ್ಕೊಂಬಿಡ್ಲಾ?" ಎಂದು ಛೇಡಿಸುತ್ತಿದ್ದ. ಬೆಂಕಿ, ಮಜ್ಜಿಗೆ ಎಂದು ಹಿತ್ತಲಿಗೆ ಬರುತ್ತಿದ್ದವನೂ ಅವನೇ.

ಹಾಲೇಶಪ್ಪ ಗೊಂಬೆಯನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸಿದ. ಕ್ಯಾಮೆರಾದ ಮುಚ್ಚಳ ತೆಗೆದ. ಗಡಿಯಾರ ಹಿಡಿದು ಬೀದಿ ಜಗಲಿಯ ಮೇಲೆ ಕಾವಲು ಕೂತ. ಹಿತ್ತಲಲ್ಲಿ ಮುದ್ದಕ್ಕ ಇದ್ದಳಲ್ಲ, ಆ ಕಡೆಯ ಚಿಂತೆ ಇರಲಿಲ್ಲ.

ಇಪ್ಪತ್ತೈದು ನಿಮಿಷ ಕಳೆದಿತ್ತು. ಪಾತಣ್ಣನ ಕಮಾನುಗಾಡಿ ಓಣಿ ತಿರುಗಿ ಎದುರಿಗೆ ಬಂತು. ಹಿಂದೆ ಮುಂದೆ ಪರದೆ ಬಿಗಿದಿತ್ತು.

"ರಾಯದುರ್ಗಕ್ಕಾ?"

"ಹ್ಞೂ ಸ್ವಾಮಿ. ಸಂಜೆ ರೈಲಿಗೆ ಸವಾರಿ ಐತೆ." ಪಾತಣ್ಣ ಇವತ್ತು ನಗಲಿಲ್ಲ. ಎತ್ತುಗಳನ್ನು ನಿಲ್ಲಿಸಿದ. "ಏನಾರ ಹೇಳಾದೈತಾ?"

"ಐತೆ. ಇನ್ಮೇಲೆ ನಮ್ಮನೆ ಗೊಂಬೆ ಮುಟ್ಟಬೇಡ. ಕೈ ಮುರೀತೀನಿ."

ಪಾತಣ್ಣ ಎತ್ತಿನ ಹಗ್ಗ ಬಿಗಿ ಹಿಡಿದ. ಆಮೇಲೆ ಪರದೆಯ ಕಡೆ ತಿರುಗಿ, "ಗಾಡಿ ಹೊಡೀಲಾ?" ಎಂದ. ಒಳಗಿಂದ ಬಳೆಯ ಸದ್ದು ಬಂತು. ಗಾಡಿ ಹೊರಟಿತು.

ಹಾಲೇಶಪ್ಪನ ಎದೆಯ ಭಾರ ಇಳಿಯಿತು. ಪೀಡೆ ಊರು ಬಿಟ್ಟಿತು.

ಅರ್ಧ ಗಂಟೆ ತುಂಬಿದಾಗ ಒಳಗೆ ಹೋದ.

ಆಕಾಶ ಇರಲಿಲ್ಲ. ಬರೀ ಗೂಟಗಳಿದ್ದವು; ಸುಣ್ಣ ಕಿತ್ತ ಗೋಡೆ ಹಲ್ಲು ಕಿರಿಯುತ್ತಿತ್ತು. ಗೊಂಬೆಯೂ ಇರಲಿಲ್ಲ.

"ಮುದ್ದೀ! ನಿನ್ನ ಸೀರೆ ಹೊತ್ಕೊಂಡು ಹೋದ್ನಲ್ಲೇ ಆ ಪಾತ!"

ಉತ್ತರ ಬರಲಿಲ್ಲ. ನೀರಿಗೆ ಹೋಗಿರಬೇಕು. ಬೇಕಾದ ಹೊತ್ತಿಗೆ ಎಂದೂ ಸಿಗುವವಳಲ್ಲ.

ಮುಚ್ಚಳ ಹಾಕಿ ಪ್ಲೇಟು ಎತ್ತಿಕೊಂಡ. ಕಳ್ಳ ಒಂದು ಗಳಿಗೆ ನಿಂತಿದ್ದರೂ ಸಾಕು, ನೆರಳಾದರೂ ಬಿದ್ದಿರುತ್ತದೆ. ನಾಳೆ ಅಮಲ್ದಾರರ ಮುಂದೆ ಇಡುತ್ತೇನೆ, ಎಂದುಕೊಂಡ. ಉಗ್ರಾಣದ ಬಾಗಿಲು ಹಾಕಿ, ಕೆಂಪು ಗಾಜಿನ ಲಾಟೀನು ಹಚ್ಚಿ, ಪ್ಲೇಟನ್ನು ಚಿತ್ರ ಮೂಡಿಸುವ ಔಷಧದಲ್ಲಿ ಮುಳುಗಿಸಿ ಮೆಲ್ಲಗೆ ತೂಗಿದ.

ಗುಡ್ಡ ಮೂಡಿತು. ಹಳಿ ಮೂಡಿತು. ಗುಡ್ಡದ ಹಿಂದೆ, ಆಕಾಶ ಇರಬೇಕಾದ ಕಡೆ, ಒಂದು ಆಳು ಮೂಡಿತು.

ನೆರಳಲ್ಲ. ಗಾಜಿನಲ್ಲಿ ಕಪ್ಪು ಬಿಳಿ ಅದಲುಬದಲು. ಮುಖ ಮಸಿ, ತಲೆಗೂದಲು ಮುದುಕಿಯ ಹಾಗೆ ಬೆಳ್ಳಗೆ. ಆದರೂ ಗುರುತು ಸಿಕ್ಕಿತು. ಅವಳು ಆಕಾಶವನ್ನು ಉಟ್ಟಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಅಂಗೈ ಮೇಲೆ ಹೆಬ್ಬೆಟ್ಟಿನಷ್ಟು ಹೆಂಗಸು. ನೋಟ ರೈಲಿನ ಮೇಲಿರಲಿಲ್ಲ, ನೇರ ಕ್ಯಾಮೆರಾದ ಕಣ್ಣಿನಲ್ಲಿತ್ತು. ಸೆರಗಿನ ಅಂಚಿನ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು.

ಮುದ್ದಕ್ಕ ಒಂದಿಷ್ಟೂ ಮಿಸುಕಿರಲಿಲ್ಲ.