ಚಾರ್ಟಿನ ಕೆಳಗಿನ ಹೆಸರು

ಸ್ಕೆಚ್ ಪೆನ್ನಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಒಂಬತ್ತನೇ ತರಗತಿಯಲ್ಲಿ ಮನೆಯ ಹಿರಿಯರನ್ನು ಕೇಳಿ ಚಾರ್ಟ್ ಬರೆಯಬೇಕಿತ್ತು; ನನ್ನ ವಿಷಯ ತುರ್ತು ಪರಿಸ್ಥಿತಿ. ಆ ಕಾಲದಲ್ಲಿ ಇನ್ನೂ ಮದುವೆಯಾಗದಿದ್ದ ತನ್ನನ್ನು ಕೊಟ್ಟೂರು ಸಂತೆಯಿಂದ ಜೀಪಿನಲ್ಲಿ ಒಯ್ದು, ಮಕ್ಕಳಾಗದಂತೆ ಆಪರೇಷನ್ ಮಾಡಿದ್ದನ್ನು ದೊಡ್ಡಪ್ಪ ನನ್ನೊಬ್ಬಳಿಗೇ ಹೇಳಿ, "ನನ್ನ ಹೆಸರು ಹಾಕಬ್ಯಾಡವ್ವಾ" ಎಂದಿದ್ದ.

"ಹೇಳಿದವರ ಹೆಸರಿಲ್ಲಂದ್ರ ಮಾರ್ಕ್ಸಿಲ್ಲ" ಎಂದರು ಮೇಷ್ಟ್ರು. ಹಾಕಿದೆ. ತರಗತಿ ಚಪ್ಪಾಳೆ ತಟ್ಟಿತು.

ಮನೆಯಲ್ಲಿ ದೊಡ್ಡಮ್ಮ ಜೋಳ ಹಸನು ಮಾಡುತ್ತಿದ್ದಳು. ಮಕ್ಕಳಾಗಲೆಂದು ಹುಣ್ಣಿಮೆ ಹುಣ್ಣಿಮೆಗೂ ಉಚ್ಚಂಗೆಮ್ಮನ ಗುಡ್ಡ ಹತ್ತುತ್ತಿದ್ದವಳು. "ಏನ್ ಬರ್ದೀಯೇ, ಟೀಚರಮ್ಮ? ಓದು, ನಾನೂ ಕೇಳ್ತೀನಿ" ಎಂದಳು. ಹೆಸರಿನವರೆಗೂ ಓದಿದೆ.

ಆಗ ದೊಡ್ಡಪ್ಪ ಬಾಗಿಲಲ್ಲಿದ್ದನೋ, ನಾನೇ ಆಮೇಲೆ ಅವನನ್ನು ಅಲ್ಲಿ ನಿಲ್ಲಿಸಿಕೊಂಡೆನೋ, ಹೇಳಲಾರೆ. ದೊಡ್ಡಮ್ಮ ಮೊರ ಕೆಳಗಿಟ್ಟಳು.

"ಸರಿಯಾಗಿ ನೋಡವ್ವಾ. ಮದುವಿಗಿಂತ ಮುಂಚೇನ ಅಂತ ಐತೇನು?"