ಉಪ್ಪಿನ ಹಿಮ

ಸ್ಕೀ ಗುಡ್ಡಗಳಲ್ಲೆಲ್ಲ ಈಗ ಸಮುದ್ರದ ನೀರಿನಿಂದ ಮಾಡಿದ ಯಂತ್ರದ ಹಿಮ. ನಾಲಿಗೆಗೆ ಇಟ್ಟರೆ ಉಪ್ಪು. ನಿಜವಾದ ಹಿಮ ಬೀಳುತ್ತಿದ್ದುದು ಸಂಡೂರಿನಾಚೆಯ ಹುಲಿಗೆಮ್ಮ ಎಂಬಾಕೆಯ ಪುಟ್ಟ ಇಳಿಜಾರಿನಲ್ಲಿ ಮಾತ್ರ. ಗೊತ್ತಾದರೆ ಸ್ಕೀ ಕಂಪನಿಯವರು ಗುಡ್ಡವನ್ನೇ ನುಂಗಿ ನೀರು ಕುಡಿಯುತ್ತಾರೆಂದು ಅವಳ ಸೊಸೆ ದಿನಾ ಬೆಳಿಗ್ಗೆ ಅದರ ಮೇಲೆ ಉಪ್ಪು ಉದುರಿಸುತ್ತಿದ್ದಳು.

ಇವತ್ತು ಬಂದ ಒಂಟಿ ಗಿರಾಕಿ ಜಾರುವ ಮೊದಲೇ ಬಗ್ಗಿ, ಚಿಟಿಕೆ ಹಿಮ ಬಾಯಿಗೆ ಹಾಕಿಕೊಂಡ. ಹುಲಿಗೆಮ್ಮ ಗಾಬರಿಯಿಂದ ಅವನತ್ತ ಧಾವಿಸಿದಳು.

"ಯಾಕ್ರಿ ಅಣ್ಣಾರ, ಹಸಿವಾಗೇತೇನ್ರಿ?"

"ಯಾರೂ ನೋಡದ ಜಾಗ ಹುಡುಕ್ಕೊಂಡು ತಿರುಗೋ ಚಟ ನಂಗೆ," ಎಂದು ಅವನು ಬಾಯಲ್ಲಿದ್ದ ಹಿಮ ಉಗಿದ. "ಇಲ್ಲೂ ಬರೀ ಉಪ್ಪೇ ಅಮ್ಮ."

ಸ್ಕೀ ಕಟ್ಟಿಕೊಳ್ಳದೆಯೇ ಬೈಕು ಹತ್ತಿ ಹೋದ. ಅವಳು ಉಸಿರು ಬಿಟ್ಟಳು.

ಅಷ್ಟರಲ್ಲಿ ಸೊಸೆ ಉಪ್ಪಿನ ಚೀಲ ಹೊತ್ತು ಗುಡ್ಡ ಹತ್ತಿ ಬಂದಳು.

"ರಾತ್ರಿ ಹೊಸಾ ಹಿಮ ಬಿದ್ದೇತ್ರಿ ಅತ್ತಿ, ಉಪ್ಪು ನೋಡಿದ್ರ ಈಗ ಸಿಕ್ತು. ಇನ್ನೂ ಯಾರೂ ಬಂದಿಲ್ಲಲ್ಲ?"